ಟಾಕೀಸ್ ಇಲ್ಲದ ಟಾಕೀಸ್ ಸ್ಟಾಪು

‘ಯಾರ್ರೀ ಕಾವೇರಿ ಟಾಕೀಸು, ಬಾಗಿಲಿಗೆ ಬನ್ನಿ’ ಎಂದು ಕಂಡಕ್ಟರ್ ಕೂಗಿದ. ಕಿಟಕಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೊರಗೆ ನೋಡುತ್ತಲೇ, ‘ಟಾಕೀಸು ಎಲ್ಲಯ್ಯಾ ಇದೆ ಈಗ?’ ಅಂದರು. ಅವನು ಟಿಕೆಟ್ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ‘ಸ್ಟಾಪ್ ಇದೆಯಲ್ಲ ಸಾರ್, ಇಳೀರಿ.’

ಬೆಂಗಳೂರಿನ ಸ್ಯಾಂಕಿ ರಸ್ತೆಯ ಕಾವೇರಿ ಶುರುವಾದದ್ದು 1974ರಲ್ಲಿ, ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ. ಮುಚ್ಚಿದ್ದು 2024ರಲ್ಲಿ. ಸರಿಯಾಗಿ ಐವತ್ತು ತುಂಬಿದ ವರ್ಷ. ಸಿನಿಮಾ ಐವತ್ತು ದಿನ ಓಡಿದರೆ ಹಾರ ಹಾಕಿ ಪಟಾಕಿ ಹೊಡೆಯುವ ಊರಿನಲ್ಲಿ ಮಂದಿರವೇ ಐವತ್ತು ವರ್ಷ ಓಡಿ ನಿಂತಾಗ ಅಂಥ ಗದ್ದಲವೇನೂ ಆಗಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಬಂತು, ಕೆಲವರು ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಈ ಊರಿಗೆ ಇದು ಹೊಸದಲ್ಲ. ಮೆಜೆಸ್ಟಿಕ್ ಎಂದು ನಾವು ದಿನಕ್ಕೆ ಎಷ್ಟು ಸಲ ಅನ್ನುತ್ತೇವೋ! ಅದೂ ಒಂದು ಚಿತ್ರಮಂದಿರದ ಹೆಸರೇ. ಮಂದಿರ ಹೋಗಿ ಎಷ್ಟೋ ಕಾಲವಾಯಿತು. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರೂ ಹಳ್ಳಿಯಿಂದ ಬರುವ ಬಂಧು ಫೋನಿನಲ್ಲಿ ‘ಮೆಜೆಸ್ಟಿಕ್‌ನಲ್ಲಿ ಇಳೀತೀನಿ’ ಎಂದೇ ಹೇಳುವುದು. ಮೆಟ್ರೊದವರೂ ಕೊನೆಗೆ ‘ನಾಡಪ್ರಭು ಕೆಂಪೇಗೌಡ ನಿಲ್ದಾಣ’ದ ಬಾಲಕ್ಕೆ ‘ಮೆಜೆಸ್ಟಿಕ್’ ಅಂಟಿಸಬೇಕಾಯಿತು. ನನಗೆ ಸೋಜಿಗ ಬೇರೆಯೇ. ಆ ಬಸ್ ನಿಲ್ದಾಣ ಎದ್ದದ್ದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಊರಿಗೆ ನೀರು ಕೊಟ್ಟ ಕೆರೆಯ ಹೆಸರು ಬಸ್ಸು ಹತ್ತುವ ಯಾರ ಬಾಯಲ್ಲೂ ಇಲ್ಲ. ನೆರಳು ತೋರಿಸಿ ಕಾಸು ತೆಗೆದುಕೊಂಡ ಟಾಕೀಸಿನ ಹೆಸರು ಎಲ್ಲರ ಬಾಯಲ್ಲಿದೆ. ಮಿನರ್ವ ಸರ್ಕಲ್ಲಿನಲ್ಲಿ ಸಿಗ್ನಲ್‌ಗೆ ಕಾಯುವ ಎಷ್ಟು ಜನಕ್ಕೆ ಮಿನರ್ವ ಎಂಬುದೊಂದು ಸಿನಿಮಾ ಮಂದಿರವಾಗಿತ್ತು ಎಂದು ಗೊತ್ತಿದೆಯೋ.

ಹಿಂದೆಲ್ಲ ಸಿನಿಮಾದ ನೆನಪಿಗೆ ಒಂದು ವಿಳಾಸವಿರುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ನೋಡಿದ ತಲೆಮಾರಿನವರನ್ನು ಕೇಳಿ, ‘ಸ್ಟೇಟ್ಸ್‌ನಲ್ಲಿ ನೋಡಿದ್ದು’ ಎಂದೇ ಮಾತು ಶುರುಮಾಡುತ್ತಾರೆ. ಎರಡು ವರ್ಷ ಅದು ಅಲ್ಲಿ ಓಡಿತು. ಮಂದಿರದ ಹೆಸರು ಭೂಮಿಕಾ ಎಂದಾದ ಮೇಲೂ ಅವರ ಬಾಯಲ್ಲಿ ಅದು ಸ್ಟೇಟ್ಸೇ. ಸುಬೇದಾರ್ ಛತ್ರಂ ರಸ್ತೆಯ ಕಪಾಲಿ 1968ರಿಂದ 2017ರವರೆಗೆ ಇತ್ತು. ಸಿನೆರಾಮಾ ಎಂಬ ಅಗಲದ ಪರದೆಗೆ ಅದು ಹೆಸರಾಗಿತ್ತು. ಅಲ್ಲಿ ನೋಡಿದವರು ಕತೆ ಹೇಳುವ ಮೊದಲು ಎರಡೂ ಕೈ ಚಾಚಿ ಪರದೆಯ ಅಗಲ ತೋರಿಸುತ್ತಾರೆ. ಮೊನ್ನೆ ನನ್ನ ಅಕ್ಕನ ಮಗನನ್ನು ಯಾವುದೋ ಹೊಸ ಚಿತ್ರವನ್ನು ಎಲ್ಲಿ ನೋಡಿದೆ ಎಂದು ಕೇಳಿದೆ. ಯೋಚಿಸಿ, ‘ಸ್ಕ್ರೀನ್ ನಾಲ್ಕೋ ಐದೋ’ ಎಂದ.

ನಾನು ಕಂಡ ಟಾಕೀಸಿನ ಮೊದಲ ದೃಶ್ಯ ಪರದೆಯದ್ದಲ್ಲ, ಟಿಕೆಟ್ ಓಣಿಯದ್ದು. ಎರಡು ಗೋಡೆಗಳ ನಡುವೆ ಒಬ್ಬನೇ ತೂರುವಷ್ಟು ಇಕ್ಕಟ್ಟು, ತಲೆಯ ಮೇಲೂ ಕಬ್ಬಿಣದ ಸರಳು. ಸಾವಿರ ಅಂಗೈ ಉಜ್ಜಿ ಉಜ್ಜಿ ಆ ಸರಳು ಬೆಳ್ಳಿಯಂತೆ ಹೊಳೆಯುತ್ತಿತ್ತು. ಕೊನೆಯಲ್ಲಿ ಕಿಂಡಿ. ಅದರೊಳಗೆ ಒಂದೇ ಸಲಕ್ಕೆ ಮೂರು ಕೈ ಹೋಗುತ್ತಿದ್ದವು. ಒಳಗಿದ್ದವನ ಮುಖ ಒಮ್ಮೆಯೂ ಕಂಡಿಲ್ಲ. ಹಿಡಿಯಲ್ಲಿ ಮುದುಡಿದ ನೋಟು ಒದ್ದೆಯಾಗಿರುತ್ತಿತ್ತು, ಹಿಂದಕ್ಕೆ ಬರುತ್ತಿದ್ದ ಗುಲಾಬಿ ಚೀಟಿಯೂ ಒದ್ದೆ. ಬೆವರಿನ ಜತೆ ಅಂಗಿಯ ಒಂದು ಗುಂಡಿ ಕಳೆದುಕೊಂಡು ಹೊರಬಂದರೆ ಅರ್ಧ ಸಿನಿಮಾ ನೋಡಿದ ಹಾಗೆ.

ನಮ್ಮ ಬೀದಿಯಲ್ಲಿ ಆಪರೇಟರ್ ಒಬ್ಬರಿದ್ದರು. ಪರದೆಯ ಬಲಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ, ನೋಡು ಎಂದು ಅವರೇ ಹೇಳಿಕೊಟ್ಟದ್ದು. ರೀಲು ಮುಗಿಯುತ್ತಿದೆ ಎಂಬುದಕ್ಕೆ ಅದು ಗುರುತು. ಎರಡು ಸಾವಿರ ಅಡಿಯ ರೀಲು ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೆ ಖಾಲಿ. ಮೊದಲ ಚುಕ್ಕೆಗೆ ಪಕ್ಕದ ಪ್ರೊಜೆಕ್ಟರಿನ ಮೋಟಾರ್ ಹಾಕಬೇಕು, ಎರಡನೆಯದಕ್ಕೆ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಬೆಳಕು ಬರುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳ ನಡುವಿನ ಕಿಡಿಯಿಂದ. ಕಡ್ಡಿ ಉರಿದು ಸವೆದಂತೆ ಹತ್ತಿರ ತರುತ್ತಿರಬೇಕು. ಬೀಡಿ ಹಚ್ಚಲು ಹೋಗಿ ಮರೆತರೋ, ನಾಯಕಿಯ ಮುಖ ಕಾಮಾಲೆ ಬಂದಂತಾಗಿ ಕೆಳಗಿನಿಂದ ಶಿಳ್ಳೆ. ಆ ಚುಕ್ಕೆಯ ಗುಟ್ಟು ತಿಳಿದ ಮೇಲೆ ನನ್ನ ಸುಖ ಕೆಟ್ಟಿತು. ತಾಯಿ ಸಾಯುವ ದೃಶ್ಯದಲ್ಲಿ ಪಕ್ಕದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ ನಾನು ಮೂಲೆ ನೋಡುತ್ತ ಕೂತಿರುತ್ತಿದ್ದೆ.

ಆಮೇಲೆ ಡಿಜಿಟಲ್ ಬಂತು. ರೀಲಿನ ಡಬ್ಬ ಹೊತ್ತು ಒಂದು ಟಾಕೀಸಿನಿಂದ ಇನ್ನೊಂದಕ್ಕೆ ಸೈಕಲ್ ತುಳಿಯುತ್ತಿದ್ದ ಹುಡುಗರಿಗೆ ಕೆಲಸವಿಲ್ಲದಾಯಿತು. ನಮ್ಮ ಆಪರೇಟರ್ ದುಡಿದ ಯಂತ್ರ ತೂಕಕ್ಕೆ ಹೋಯಿತು. ‘ಲೆನ್ಸ್ ಮಾತ್ರ ಇಟ್ಟುಕೊಂಡೆ’ ಎಂದು ಒಮ್ಮೆ ತೋರಿಸಿದ್ದರು. ಮೊಮ್ಮಗಳು ಅದರಲ್ಲಿ ಇರುವೆ ನೋಡುತ್ತಿದ್ದಳು.

ಮಂದಿರ ಮುಚ್ಚಿದ ಮಾಲೀಕರನ್ನು ಬೈಯುವುದು ಸುಲಭ. ಸಾವಿರ ಚಿಲ್ಲರೆ ಆಸನಗಳ ಸಭಾಂಗಣದಲ್ಲಿ ಬೆಳಗಿನ ಆಟಕ್ಕೆ ನಲವತ್ತು ಜನ ಕೂತರೂ ಕರೆಂಟಿನ ಬಿಲ್ಲು, ಕಸ ಗುಡಿಸುವವರ ಸಂಬಳ ನಲವತ್ತು ಜನರ ಲೆಕ್ಕಕ್ಕೆ ಇಳಿಯುವುದಿಲ್ಲ. ಮಾಲ್‌ನಲ್ಲಾದರೆ ಅಷ್ಟೇ ಜನರನ್ನು ಚಿಕ್ಕ ಕೋಣೆಯಲ್ಲಿ ಕೂರಿಸಿ ಪಾಪ್‌ಕಾರ್ನ್‌ನಲ್ಲಿ ದುಡ್ಡು ಎತ್ತುತ್ತಾರೆ. ಮೇಲೆ 2020ರ ಕೊರೊನಾ ಬೀಗ, ಅಷ್ಟರಲ್ಲಿ ಮನೆಮನೆಗೆ ಬಂದ ಒಟಿಟಿ. ಕಟ್ಟಡ ನಷ್ಟದಲ್ಲಿ, ಅದರ ಅಡಿಯ ನೆಲಕ್ಕೆ ಬಂಗಾರದ ಬೆಲೆ. ಇದರಲ್ಲಿ ನನ್ನ ಪಾಲನ್ನೂ ಹೇಳಬೇಕು. ಕಾವೇರಿ ಮುಚ್ಚಿತೆಂದು ಓದಿ ಸಂಕಟಪಟ್ಟ ದಿನ, ಒಳಗೆ ಕೊನೆಗೆ ಕಾಲಿಟ್ಟದ್ದು ಯಾವಾಗ ಎಂದು ಎಣಿಸಿದೆ. ಹತ್ತು ವರ್ಷದ ಮೇಲಾಗಿತ್ತು. ಎದುರಿನ ರಸ್ತೆಯಲ್ಲಿ ಮಾತ್ರ ವಾರಕ್ಕೆರಡು ಸಲ ಓಡಾಡಿದ್ದೆ.

ಹಿರಿಯರು ಇಳಿಯಲಿಲ್ಲ; ಅವರು ಹೋಗಬೇಕಿದ್ದದ್ದು ಇನ್ನೂ ಮುಂದೆ. ಇಳಿದವನು ನಾನು. ಟಿಕೆಟನ್ನು ಜೇಬಿಗೆ ಹಾಕುವಾಗ ನೋಡಿದೆ. ಆ ಟಾಕೀಸಿನ ಹೆಸರು ಹೇಳಿ ನಾನು ದುಡ್ಡು ಕೊಟ್ಟು ಕೊಂಡ ಟಿಕೆಟ್ಟು, ಹತ್ತು ವರ್ಷದಲ್ಲಿ, ಇಂಥದ್ದೊಂದೇ.