ಸೈಂಧವ ಲವಣ ಮತ್ತು ರಸತ್ಯಾಗ

ಅಷ್ಟಮಿ, ಚತುರ್ದಶಿಗಳಂದು ಏಕಾಶನ ಮಾಡುವ ಅನೇಕ ಶ್ರಾವಕರ ಮನೆಗಳಲ್ಲಿ ಸಮುದ್ರದ ಉಪ್ಪನ್ನು ಬಿಟ್ಟು ಸೈಂಧವ ಲವಣವನ್ನು ಬಳಸುವ ರೂಢಿಯುಂಟು. ಉಪ್ಪಿನ ಗದ್ದೆಗಳಲ್ಲಿ ನೀರಿನೊಡನೆ ತ್ರಸಜೀವಿಗಳೂ ಬತ್ತಿ ಸಾಯುವುವು, ಗಣಿಯ ಉಪ್ಪಿಗೆ ಆ ದೋಷವಿಲ್ಲ ಎಂಬುದು ಇದರ ಹಿಂದಿನ ವಿಚಾರ. ಆದರೆ ಅಷ್ಟರಿಂದಲೇ ಸೈಂಧವವು ಸರ್ವಥಾ ನಿರ್ದೋಷವೆಂದೂ, ಅದರ ನಸುಗೆಂಪು ಬಣ್ಣವೇ ಶುದ್ಧಿಯ ಗುರುತೆಂದೂ ತಿಳಿಯುವುದು ಯುಕ್ತವೇ?

ಸೈಂಧವವೂ ಮೂಲತಃ ಕಡಲಿನದೇ. (ಕನ್ನಡ ನಾಡಿನ ಅಡುಗೆಮನೆಗಳಲ್ಲಿ ಕಲ್ಲುಪ್ಪೆನಿಸಿಕೊಳ್ಳುವ ದಪ್ಪ ಹರಳು ಸಾಮಾನ್ಯವಾಗಿ ಸಮುದ್ರದ ಉಪ್ಪೇ, ಹೆಸರಿಗೆ ಮೋಸಹೋಗಬಾರದು.) ಇಂದು ಪಾಕಿಸ್ತಾನದ ಪಂಜಾಬಿನಲ್ಲಿರುವ ಖೇವ್ಡಾ ಗಣಿಯ ಉಪ್ಪು 50 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲೊಂದು ಬತ್ತಿ ಉಳಿದುದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ನೀರು ಆರುತ್ತ ಬಂದಂತೆ ಮೊದಲು ಸುಣ್ಣದ ಅಂಶ, ಬಳಿಕ ಜಿಪ್ಸಂ ತಳಕ್ಕಿಳಿಯುತ್ತವೆ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪು ಹರಳುಗಟ್ಟುತ್ತದೆ. ಕಹಿಯಾದ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಕಟ್ಟಕಡೆಗೆ. 1000 ಮೀಟರ್ ಆಳದ ಕಡಲು ಪೂರ್ತಿ ಬತ್ತಿದರೂ ದೊರೆಯುವ ಉಪ್ಪಿನ ಪದರ 15 ಮೀಟರನ್ನೂ ಮುಟ್ಟದು. ಆದುದರಿಂದ ದಪ್ಪ ಪದರಗಳು ಒಂದೇ ಬತ್ತುವಿಕೆಯ ಫಲವಲ್ಲ; ಕಡಲು ಮತ್ತೆ ಮತ್ತೆ ಒಳನುಗ್ಗಿ ಆರಿದುದರ ಫಲ.

ಶುದ್ಧವಾದ ಉಪ್ಪಿನ ಹರಳಿಗೆ ಬಣ್ಣವಿಲ್ಲ. ಕೆಂಪು ಬರುವುದು ಅತ್ಯಲ್ಪ ಪ್ರಮಾಣದ ಕಬ್ಬಿಣದ ಆಕ್ಸೈಡಿನಿಂದ. ಹೊಲದ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಅದೇ. ಬೂದುಬಣ್ಣ ಜೇಡಿಮಣ್ಣಿನದು. ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಗುಮ್ಮಾ, ದ್ರಂಗ್ ಗಣಿಗಳ ಉಪ್ಪಿನಲ್ಲಿ ಮಣ್ಣು ಹೇರಳ. ಅಪರೂಪದ ನೀಲಿ ಹರಳಿನ ಕಥೆಯೇ ಬೇರೆ: ಅಲ್ಲಿ ಬಣ್ಣವು ಹರಳಿನ ಕಟ್ಟಡದೊಳಗಿನ ದೋಷದಿಂದ ಹುಟ್ಟುತ್ತದೆ, ನೀರಿನಲ್ಲಿ ಕರಗಿಸಿದೊಡನೆ ಮಾಯವಾಗುತ್ತದೆ. ಜನರು ಶುದ್ಧಿಯೆಂದು ಬಗೆಯುವ ನಸುಗೆಂಪು ವಾಸ್ತವದಲ್ಲಿ ಬೆರಕೆ.

ಹಾಗಾದರೆ ಸಮುದ್ರದ ಉಪ್ಪಿಗೂ ಸೈಂಧವಕ್ಕೂ ಭೇದವೇ ಇಲ್ಲವೆನ್ನಬಹುದೇ? ಹಾಗಲ್ಲ. ಆ ಪ್ರಾಚೀನ ಕಡಲನ್ನು ಯಾರೂ ಬತ್ತಿಸಲಿಲ್ಲ. ಉಪ್ಪಿನ ಗದ್ದೆಗೆ ನೀರು ಕಟ್ಟುವುದು ಉಣ್ಣುವವರಿಗಾಗಿ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಸೇರಿಸಿರುವುದನ್ನು ನೆನೆದರೆ ಈ ಅಂತರ ಸಣ್ಣದಲ್ಲ. ಆದರೂ ಮೂಲಾಚಾರವು 36 ವಿಧದ ಪೃಥ್ವಿಯಲ್ಲಿ ಲವಣವನ್ನು ಎಣಿಸಿದೆ. ಗಣಿಯಲ್ಲಿರುವ ಉಪ್ಪು ಪೃಥ್ವೀಕಾಯಿಕ ಏಕೇಂದ್ರಿಯ ಜೀವದ ಶರೀರ; ಅದನ್ನು ಒಡೆದು ತರುವಲ್ಲಿ ಸ್ಥಾವರಹಿಂಸೆ ಇದ್ದೇ ಇದೆ. ಅಣುವ್ರತಿಗೆ ಅದು ಪೂರ್ಣವಾಗಿ ಬಿಡಲಾಗದ್ದು, ಮಿತಗೊಳಿಸಬಹುದಾದದ್ದು.

ರಸತ್ಯಾಗದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಷಡ್ರಸಗಳಲ್ಲಿ ಉಪ್ಪನ್ನು ತೊರೆದೆನೆಂದು ನಿಯಮ ಹಿಡಿದವನು ಸೈಂಧವ ಬೆರೆಸಿದ ಪಲ್ಯವನ್ನು ಸವಿದರೆ ತೊರೆದುದೇನು? ನಾಲಗೆಯು ಉಪ್ಪಿನ ಊರನ್ನು ಕೇಳುವುದಿಲ್ಲ. ಜೀವದಯೆಗಾಗಿ ಸೈಂಧವವನ್ನು ಆರಿಸುವುದು ಒಂದು, ಸ್ವಾದವನ್ನು ಗೆಲ್ಲಲು ಲವಣವನ್ನೇ ಬಿಡುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದರ ಲೆಕ್ಕಕ್ಕೆ ಬರೆದುಕೊಳ್ಳಲಾಗದು. ವರ್ಷವಿಡೀ ಸೈಂಧವವನ್ನೇ ಬಳಸುವ ಮನೆಯವರು ಅದರಲ್ಲಿ, ಬೆರೆಸದ ಹೊರತು, ಅಯೋಡಿನ್ ಸಾಲದೆಂಬುದನ್ನೂ ಗಮನಿಸಬೇಕು.

ಲವಣತ್ಯಾಗಿಗಳಾದ ಮುನಿಗಳ ಆಹಾರಕ್ಕೆಂದು ಚೌಕದಲ್ಲಿ ಸಪ್ಪೆ ಬೇಳೆ, ಸಪ್ಪೆ ಪಲ್ಯಗಳನ್ನು ಬೇರೆಯಾಗಿ ತೆಗೆದಿಡುತ್ತಾರೆ. ಆ ಪಾತ್ರೆಗೆ ಸೈಂಧವವನ್ನೂ ಹಾಕುವುದಿಲ್ಲ.