ಬೇರೆಯಾದ ಮೇಲೆ ಸ್ಕೂಲ್ ಫೀಸ್ ಯಾರದು?

ಇವತ್ತಿನ ವಿಷಯ ಸ್ವಲ್ಪ ಇರುಸುಮುರುಸಿನದ್ದು. ಸಭೆಯಲ್ಲಿ ನಾವು ಮದುವೆ ಬಗ್ಗೆ ಎಷ್ಟೋ ಸಲ ಮಾತಾಡ್ತೀವಿ. ಮುರಿದ ಮದುವೆ ಅಂದ್ರೆ ಮಾತ್ರ ಪ್ರಾರ್ಥನೆ ಮಾಡಿ ಸುಮ್ಮನಾಗಿಬಿಡ್ತೀವಿ. ಆ ಮನೆಯ ಮಗುವಿಗೂ ವರ್ಷಾ ವರ್ಷಾ ಫೀಸ್ ಕಟ್ಟಬೇಕಲ್ವಾ?

ಒಬ್ಬ ಬ್ರದರ್ ನನ್ನನ್ನ ಕೇಳಿದ್ರು: "ಪಾಸ್ಟರ್, ತಿಂಗಳು ತಿಂಗಳು ಜೀವನಾಂಶ ಕೊಡ್ತಾ ಇದ್ದೀನಿ. ಊಟ, ಬಟ್ಟೆಗೆ ಅದು ಸಾಕು. ಪ್ರೈವೇಟ್ ಸ್ಕೂಲು ಅವಳ ಆಸೆ. ಅದಕ್ಕೂ ನಾನೇ ಯಾಕೆ ಕಟ್ಟಬೇಕು?"

ಕೆಟ್ಟ ಪ್ರಶ್ನೆ ಅಲ್ಲ. ಬೆಂಗಳೂರಲ್ಲಿ ಬಾಡಿಗೆ, ಇಎಂಐ ಕಟ್ಟಿ ಉಳಿಯೋದೆಷ್ಟು ಅಂತ ನಿಮಗೆ ಗೊತ್ತು.

ಕಾನೂನಿನ ಮಾತು ಬೇಗ ಹೇಳಿ ಮುಗಿಸ್ತೀನಿ. ಕ್ರೈಸ್ತರ ವಿಚ್ಛೇದನಕ್ಕೆ ಅನ್ವಯಿಸುವ 1869ರ ಕಾಯ್ದೆಯಲ್ಲೇ ಮಕ್ಕಳ ಪಾಲನೆ, ಜೀವನಾಂಶದ ಜೊತೆಗೆ ವಿದ್ಯಾಭ್ಯಾಸದ ಹೆಸರೂ ಇದೆ. 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆ ಭರಿಸಬೇಕು, ತಾಯಿಗೂ ಸಾಕಷ್ಟು ಸಂಪಾದನೆ ಇದ್ದರೆ ಅದರ ಪ್ರಮಾಣಕ್ಕೆ ಹಂಚಿಕೊಳ್ಳಬಹುದು ಅಂತ ಹೇಳಿತು. ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಅಂತಲೂ ಹೇಳಿತು. ಆ ತಾಯಿ ಅರ್ಜಿ ಹಾಕಿದ್ದು 2013ರಲ್ಲಿ. ಏಳು ವರ್ಷ! ಕೈಗೂಸು ಎರಡನೇ ಕ್ಲಾಸಿಗೆ ಬರುವಷ್ಟು ಕಾಲ. ಕೋರ್ಟ್ ಹೇಳೋ ತನಕ ಕಾಯ್ತೀನಿ ಅನ್ನೋರು ಈ ಲೆಕ್ಕ ನೋಡಬೇಕು.

ಈಗ ಮನಸ್ಸಾಕ್ಷಿಯ ಮಾತು. ಆದಿಕಾಂಡ 21ನೇ ಅಧ್ಯಾಯದಲ್ಲಿ ಅಬ್ರಹಾಮನು ಹಾಗರಳನ್ನೂ ಮಗನನ್ನೂ ಕಳಿಸಿಬಿಡ್ತಾನೆ. ಬೆಳ್ಳಿ ಬಂಗಾರ, ದನಕರು ಎಲ್ಲಾ ಇದ್ದ ಮನುಷ್ಯ. ಕೊಟ್ಟಿದ್ದು ಏನು? ಸ್ವಲ್ಪ ರೊಟ್ಟಿ, ಒಂದು ತಿತ್ತಿ ನೀರು. "ಕಳಿಸು ಅಂತ ದೇವರೇ ಹೇಳಿದ್ರಲ್ಲಾ" ಅಂತ ನೀವು ಕೇಳ್ತೀರಿ. ಸಾರಳ ಮಾತು ಕೇಳು ಅಂದಿದ್ದು ನಿಜ. ಆದರೆ ಒಂದೇ ತಿತ್ತಿ ಅನ್ನೋ ಅಳತೆ ದೇವರು ಕೊಟ್ಟ ಹಾಗೆ ಅಲ್ಲಿ ಬರೆದಿಲ್ಲ. ಆ ಅಳತೆ ಅಪ್ಪನದು ಅಂತಲೇ ನಾನು ಓದ್ತೀನಿ. ಬೇರ್ಷೆಬದ ಅಡವಿಯಲ್ಲಿ ನೀರು ಮುಗೀತು, ತಾಯಿ ಹುಡುಗನನ್ನ ಪೊದೆ ಕೆಳಗೆ ಬಿಟ್ಟು ದೂರ ಕೂತಳು. ಆಗ ದೇವರು ಕೇಳಿದ್ದು ಆ ಹುಡುಗನ ಸ್ವರ.

"ಊಟ, ಬಟ್ಟೆಗೆ ಸಾಕು" ಅನ್ನೋದು ಈ ತಿತ್ತಿಯ ಲೆಕ್ಕವೇ.

ಹಾಗಂತ ಪ್ರೈವೇಟ್ ಸ್ಕೂಲೇ ಆಗಬೇಕು ಅಂತ ನಾನು ಹೇಳ್ತಿಲ್ಲ. ನಾನು ಓದಿದ್ದು ಸರ್ಕಾರಿ ಶಾಲೆಯಲ್ಲೇ, ನಾಚಿಕೆ ಏನಿಲ್ಲ. ಆ ಬ್ರದರ್‌ಗೆ ನಾನು ಕೇಳಿದ್ದು ಒಂದೇ: "ನೀವಿಬ್ಬರೂ ಒಂದೇ ಮನೇಲಿ ಇದ್ದಿದ್ರೆ ಮಗು ಯಾವ ಸ್ಕೂಲಿಗೆ ಹೋಗ್ತಿತ್ತು?" ಸುಮ್ಮನಾದ್ರು. ಯಾಕಂದ್ರೆ ಎಲ್‌ಕೆಜಿಗೆ ಅರ್ಜಿ ತರೋಕೆ ಬೆಳಿಗ್ಗೆ ಹೋಗಿ ಕ್ಯೂ ನಿಂತಿದ್ದು ಅವರೇ. ಮಗು ಆ ಸ್ಕೂಲಲ್ಲಿ ಫ್ರೆಂಡ್ಸ್ ಮಾಡ್ಕೊಂಡಿದೆ, ಅದರ ಮಿಸ್ ಅಲ್ಲಿದ್ದಾರೆ. ಅಪ್ಪ ಅಮ್ಮ ಬೇರೆಯಾದಾಗ ಮನೆ ಹೋಯ್ತು, ಈಗ ಕ್ಲಾಸ್‌ರೂಮೂ ಹೋಗಬೇಕಾ? ಸಂಬಳ ನಿಜವಾಗಿ ನಿಂತುಹೋಗಿದ್ದರೆ ಒಟ್ಟಿಗಿದ್ದ ಮನೆಯವರೂ ಸ್ಕೂಲು ಬದಲಾಯಿಸ್ತಾರೆ, ಅದರಲ್ಲಿ ಪಾಪ ಇಲ್ಲ. ಆದರೆ ಹೆಂಡತಿ ಮೇಲಿನ ಸಿಟ್ಟಿಗೆ ಬದಲಾಯಿಸೋದು, ಬೋನಸ್ ಬಚ್ಚಿಟ್ಟು ಸಂಬಳ ಕಡಿಮೆ ತೋರಿಸೋದು ಬೇರೆ. ಭಾನುವಾರ ದಶಮಾಂಶಕ್ಕೆ ಒಂದು ಸಂಬಳ, ಕೋರ್ಟಿಗೆ ಇನ್ನೊಂದು ಸಂಬಳ, ಇದು ಹೇಗೆ ಬ್ರದರ್?

ಸಿಸ್ಟರ್ಸ್‌ಗೂ ಒಂದು ಮಾತು. ಕೇಳದೆ, ಹೇಳದೆ ಲಕ್ಷಗಟ್ಟಲೆ ಫೀಸಿನ ಇಂಟರ್‌ನ್ಯಾಷನಲ್ ಸ್ಕೂಲಿಗೆ ಸೇರಿಸಿ ಬಿಲ್ ಮಾತ್ರ ಕಳಿಸಿದರೆ ಅದು ನ್ಯಾಯ ಅಲ್ಲ. ನಿಮಗೂ ಒಳ್ಳೆ ಸಂಬಳ ಇದ್ದರೆ ನಿಮ್ಮ ಪಾಲೂ ಇದೆ. ಫೀಸ್ ಬಂದಿಲ್ಲ ಅಂತ ಅಪ್ಪನನ್ನ ನೋಡೋಕೆ ಬಿಡದೆ ಇರಬೇಡಿ. ನೋಡೋಕೆ ಬಿಡ್ತಿಲ್ಲ ಅಂತ ಅಪ್ಪನೂ ಫೀಸ್ ನಿಲ್ಲಿಸಬಾರದು. ಫೀಸ್ ಏನು ಮಗುವನ್ನ ನೋಡೋಕೆ ಟಿಕೆಟ್ಟಾ?

ಅವಳ ಕೈಗೆ ದುಡ್ಡು ಕೊಡೋಕೆ ಮನಸ್ಸಿಲ್ಲದಿದ್ದರೆ ಆ ಜಗಳ ಬದಿಗಿಡಿ, ಸ್ಕೂಲಿನ ಅಕೌಂಟಿಗೇ ನೇರ ಕಟ್ಟಿ, ರಸೀದಿಯ ಫೋಟೋ ಅವಳಿಗೆ ಕಳಿಸಿ. ಆ ಬ್ರದರ್ ಈ ವರ್ಷದ ಮೊದಲ ಕಂತು ಹಾಗೇ ಕಟ್ಟಿದ್ದಾರೆ. ಎರಡನೇದು ಇನ್ನೂ ಬಾಕಿ ಇದೆ.