ಎತ್ತಿಹಾಕಿದ ಕಲ್ಲು

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟಿದ್ದ ನಮ್ಮ ಕಾರಿನ ಮುಂದಿನ ಚಕ್ರ ನೀರು ತುಂಬಿದ ಗುಂಡಿಗೆ ಇಳಿದುಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ನಿಂತಲ್ಲೇ ತಿರುಗಿ ಇನ್ನಷ್ಟು ಹೂತುಕೊಂಡಿತು. ಗದ್ದೆಯಲ್ಲಿದ್ದ ನಾಲ್ವರು ಬಂದರು. ಹಾರೆಯಿಂದ ಚಕ್ರದ ಮುಂದಿನ ಮಣ್ಣು ಕೆರೆದು ಇಳಿಜಾರು ಮಾಡಿದರು, ಕಲ್ಲು ಕೊಟ್ಟರು, ಮೇಲೆ ಕಬ್ಬಿನ ತರಗು ಹಾಸಿದರು. ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತ ನೂಕಿದಾಗ ಕಾರು ಮೇಲೆ ಬಂತು. ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು ತಡೆದರು: “ಕಲ್ಲ ಎತ್ತಾಕ್ಬುಟ್ಟು ಹೋಗಿ ಸಾ, ರಾತ್ರಿಗೆ ಬೈಕ್‌ನೋರು ಬಿದ್ದೋಯ್ತಾರೆ.”

ಎಂದೂ ಮುಖ ಕಾಣದ ಸವಾರನ ಬಗ್ಗೆ ಆ ರೈತನಿಗಿದ್ದ ಕಾಳಜಿ, ರಸ್ತೆ ಕಾಯುವುದಕ್ಕೆಂದೇ ಸಂಬಳ ಪಡೆಯುವವರಲ್ಲಿ ಏಕೆ ಕಾಣುವುದಿಲ್ಲ?

ಗುಂಡಿಗೆ ಬಿದ್ದವರು ಗ್ರಹಚಾರ ಎಂದು ಸುಮ್ಮನಾಗುತ್ತಾರೆ. ಆದರೆ ಗುಂಡಿಗೆ ಕಾರಣವುಂಟು. ಡಾಂಬರಿನ ಬಿರುಕಿನಲ್ಲಿ ನೀರಿಳಿದು ತಳದ ಜಲ್ಲಿ ಸಡಿಲವಾಗುತ್ತದೆ, ಮೇಲೆ ಓಡುವ ಚಕ್ರಗಳು ಅದನ್ನು ಕಿತ್ತುಹಾಕುತ್ತವೆ. ಬಿರುಕನ್ನು ಹೊತ್ತಿಗೆ ಸರಿಯಾಗಿ ಮುಚ್ಚಿ, ಪಕ್ಕದ ಚರಂಡಿಯಲ್ಲಿ ನೀರು ಹರಿಯುವಂತೆ ಇಟ್ಟರೆ ಬಹುಪಾಲು ಗುಂಡಿಗಳು ಹುಟ್ಟುವುದೇ ಇಲ್ಲ. ಮಿತಿಮೀರಿ ಕಬ್ಬು ಹೇರಿದ ಟ್ರ್ಯಾಕ್ಟರುಗಳೇ ರಸ್ತೆ ಕೆಡಿಸುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಮಿತಿಮೀರಿದ ಹೇರನ್ನು ತಡೆಯಲೇಬೇಕು. ಆದರೆ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1933ರಲ್ಲಿ. ಇಲ್ಲಿ ಕಬ್ಬು ಸಾಗುವುದು ಅನಿರೀಕ್ಷಿತವೇನಲ್ಲ. ಯಾವ ಭಾರ ಓಡಾಡುತ್ತದೆ ಎಂಬ ಲೆಕ್ಕದ ಮೇಲೆಯೇ ರಸ್ತೆಯ ದಪ್ಪ ನಿರ್ಧಾರವಾಗಬೇಕು.

ಕಾರಿನಲ್ಲಿದ್ದ ನಮಗೆ ನಷ್ಟವಾದದ್ದು ಒಂದು ಗಂಟೆ. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋಗುವವನು ಅದೇ ಗುಂಡಿಯಲ್ಲಿ ಪ್ರಾಣ ಕಳೆದುಕೊಳ್ಳಬಹುದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856 ಮಂದಿ. ಬೈಕಿನವರಿಗೆ ಹೊಸ ಹೆದ್ದಾರಿಯೂ ಸಿಗದು. ಮದ್ದೂರಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಆ ನಿಷೇಧ ಸರಿಯೆಂದೇ ಒಪ್ಪೋಣ. ಹಾಗಾದರೆ ಅವರಿಗೆ ಉಳಿದಿರುವ ರಸ್ತೆಗಳನ್ನು ಇನ್ನೂ ಹೆಚ್ಚಿನ ಎಚ್ಚರದಿಂದ ಕಾಯಬೇಕಲ್ಲವೆ?

ಕಾನೂನು ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಗಾರ ಪ್ರಾಧಿಕಾರ ಇಲ್ಲವೆ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಒಂದು ಜೀವಕ್ಕೆ ಇದು ತೀರ ಕಡಿಮೆ. ಆದರೂ ಹೊಣೆ ಯಾರದೆಂದು ಅದು ಗುರುತಿಸುತ್ತದೆ. ನಿಮ್ಮ ಊರಿನಲ್ಲಿ ಯಾರಾದರೂ ಗುಂಡಿಗೆ ಬಿದ್ದು ಸತ್ತರೆ, ಪೊಲೀಸ್ ದೂರಿನಲ್ಲಿ ಗುಂಡಿ ಎಲ್ಲಿದೆ, ಎಷ್ಟು ಆಳವಿದೆ ಎಂಬುದನ್ನೂ ಬರೆಸಿ. ಸವಾರನ ಅಜಾಗರೂಕತೆ ಎಂದಷ್ಟೇ ಬರೆದರೆ ಸಹಿ ಹಾಕಬೇಡಿ.